ಒಂದು ಗಾಡಿ, ಇಬ್ಬರು, ಎರಡು ದಿನ: ಹುಬ್ಬಳ್ಳಿ–ಗದಗ–ಸವಣೂರು ಸುತ್ತಿಗೆ ಸಮಗ್ರ ಮಾರ್ಗದರ್ಶಿ

ಬೈಕ್ ಗಾಡಿ ಮೇಲೆ ಜೋಡಿಯಾಗಿ ಹೊರಡುವವರು ಮೊದಲು ದಾರಿ ಗೊತ್ತು ಮಾಡುತ್ತಾರೆ, ಎಲ್ಲಿ ನಿಲ್ಲಬೇಕು ಅನ್ನೋದನ್ನ ಆಮೇಲೆ ನೋಡಿದರಾಯಿತು ಅಂತ ಬಿಡುತ್ತಾರೆ. ಓಡಿಸುವವರಿಗೆ ಇದರಿಂದ ತೊಂದರೆಯಿಲ್ಲ, ಅವರಿಗೆ ಮುಂದೆ ರಸ್ತೆ ಇದೆ. ಹಿಂದೆ ಕೂತವರ ಕಣ್ಣ ಮುಂದೆ ಇರುವುದು ಒಂದು ಹೆಲ್ಮೆಟ್ಟಿನ ಬೆನ್ನು. ನೂರು ಕಿಲೋಮೀಟರ್ ಅದನ್ನೇ ನೋಡಿಕೊಂಡು ಕೂತವರು ಮುಂದಿನ ಸಲ 'ನೀನೇ ಹೋಗಿ ಬಾ' ಅಂದರೆ ಅಚ್ಚರಿಪಡಬೇಡಿ. ಆದ್ದರಿಂದ ಇಲ್ಲಿ ಲೆಕ್ಕ ತಿರುಗುಮುರುಗು. ಮೊದಲು ನಿಲ್ಲುವ ಜಾಗಗಳು, ಅವಕ್ಕೆ ತಕ್ಕಂತೆ ದಾರಿ, ಬಿಸಿಲು ಕಣ್ಣಿಗೆ ಹೊಡೆಯುವ ಹೊತ್ತಿಗೆ ಸರಿಯಾಗಿ ಗಾಡಿ ಸ್ಟ್ಯಾಂಡ್ ಮೇಲೆ.

ಸುತ್ತು ಹೀಗಿದೆ. ಮೊದಲ ದಿನ ಹುಬ್ಬಳ್ಳಿ, ಅಣ್ಣಿಗೇರಿ, ಗದಗ, ಲಕ್ಕುಂಡಿ, ಡಂಬಳ, ರಾತ್ರಿಗೆ ಮತ್ತೆ ಗದಗ. ಎರಡನೆಯ ದಿನ ಮಾಗಡಿ ಕೆರೆ, ಲಕ್ಷ್ಮೇಶ್ವರ, ಸವಣೂರು, ಬಂಕಾಪುರ, ಅಲ್ಲಿಂದ ಹೆದ್ದಾರಿ 48 ಹಿಡಿದು ಹುಬ್ಬಳ್ಳಿ. ಒಟ್ಟು ಸುಮಾರು 280 ಕಿಲೋಮೀಟರ್. ಸರಿಯಾದ ಕಾಲ ನವೆಂಬರ್ ನಡುವಿನಿಂದ ಫೆಬ್ರವರಿ ಮೊದಲ ವಾರದವರೆಗೆ. ಆಗ ಮಾಗಡಿಯಲ್ಲಿ ಹಕ್ಕಿ ಇರುತ್ತವೆ, ಹೊಲದಲ್ಲಿ ಬಿಳಿಜೋಳ, ಕಡಲೆ, ಕುಸುಬಿ ಇರುತ್ತವೆ, ಇಲ್ಲಿನ ಕಪ್ಪು ಎರೆ ಮಣ್ಣು ಒಣಗಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಈ ಬಯಲಿನಲ್ಲಿ ಗಾಡಿ ಓಡಿಸುವುದು ಹಂಚಿನ ಮೇಲೆ ಕೂತ ಹಾಗೆ.

ಕಲಘಟಗಿಯ ಬಣ್ಣದ ತೊಟ್ಟಿಲು, ನವಲಗುಂದದ ಜಮಖಾನ ಈ ಸುತ್ತಿಗೆ ಸೇರಿಲ್ಲ. ಎರಡೂ ಬೇರೆ ದಿಕ್ಕು. ಜಮಖಾನವನ್ನಾದರೂ ಸುತ್ತಿ ಕಟ್ಟಬಹುದು, ತೊಟ್ಟಿಲು ಗಾಡಿ ಮೇಲೆ ತರುವ ವಸ್ತುವಲ್ಲ. ಹೊಸ ಜೋಡಿ ತೊಟ್ಟಿಲ ಅಂಗಡಿ ಮುಂದೆ ನಿಂತರೆ ಕೇಳಬೇಕಾದ ಪ್ರಶ್ನೆಗಳೂ ಬೇರೆ.

ತೂಕದ ಲೆಕ್ಕ ಮೊದಲು

ಗಾಡಿಯ ಕೈಪಿಡಿಯಲ್ಲಿ ಎರಡು ಅಂಕಿ ಇರುತ್ತವೆ: ಪೆಟ್ರೋಲ್, ಆಯಿಲ್ ಸಮೇತ ಗಾಡಿಯ ತೂಕ ಮತ್ತು ಹೊರೆ ಸೇರಿ ಗರಿಷ್ಠ ತೂಕ. ಎರಡರ ವ್ಯತ್ಯಾಸವೇ ನಿಮಗೆ ಸಿಗುವ ಹೊರೆ. ಸಾಮಾನ್ಯ ಕಮ್ಯೂಟರ್ ಗಾಡಿಗಳಲ್ಲಿ ಅದು 130 ಕೆಜಿ ಆಸುಪಾಸು. ಒಬ್ಬರು 68 ಕೆಜಿ, ಇನ್ನೊಬ್ಬರು 54 ಅಂದುಕೊಳ್ಳಿ. 122 ಅಲ್ಲಿಗೇ ಆಯಿತು. ಎರಡು ಹೆಲ್ಮೆಟ್ಟಿಗೆ ಸುಮಾರು ಮೂರು. ಉಳಿದದ್ದು 5 ಕೆಜಿ. ಎರಡು ದಿನಕ್ಕೆ ಅಷ್ಟು ಸಾಕು: ತಲಾ ಒಂದು ಜೊತೆ ಬಟ್ಟೆ, ಒಂದು ಟವೆಲ್, ಎರಡು ಲೀಟರ್ ನೀರು, ರಿಪೇರಿ ಚೀಲ. ಮೂರನೆಯ ಜೊತೆ ಬಟ್ಟೆ ಬೇಕೇ ಬೇಕು ಅನ್ನುವವರು ಬಸ್ಸಿಗೆ ಹೋಗಬಹುದು.

ಬೆನ್ನಿನ ಚೀಲ ಹಾಕಿಕೊಂಡು ಹಿಂದೆ ಕೂರಿಸಬೇಡಿ. ಹಾಕಲೇಬೇಕಾದರೆ ಪಟ್ಟಿ ಸಡಿಲಿಸಿ, ಚೀಲದ ತಳ ಸೀಟಿನ ಮೇಲೆ ಕೂರುವಂತೆ ಮಾಡಿ, ಭಾರ ಹೆಗಲಿಗೆ ಬೀಳಬಾರದು. ಒಳ್ಳೆಯದು ಜೋಡಿ ಸ್ಯಾಡಲ್ ಚೀಲ. ಸೈಲೆನ್ಸರ್ ಬದಿಯ ಚೀಲ ಕೊಳವೆಗೆ ತಾಕದಂತೆ ಕನಿಷ್ಠ ನಾಲ್ಕು ಬೆರಳು ಅಂತರ ಬಿಡಿ. ಕಟ್ಟುವಾಗ ಖಾಲಿ ಗಾಡಿಗೆ ಇದ್ದ ಅಂತರ, ಇಬ್ಬರು ಕೂತು ಒಂದು ಹಂಪ್ ಹಾರಿದಾಗ ಇರುವುದಿಲ್ಲ.

ಗಾಡಿ ಸಿದ್ಧತೆ

ಗಾಳಿ. ಒಬ್ಬರೇ ಓಡಿಸುವಾಗ ಹಿಂದಿನ ಟೈರಿಗೆ 28ರ ಸುಮಾರು ಪಿಎಸ್‌ಐ ಸಾಕಾಗುತ್ತದೆ. ಇಬ್ಬರಿಗೆ ಕೆಲವು ಗಾಡಿಗೆ 32, ಕೆಲವಕ್ಕೆ 36, ಇನ್ನು ಕೆಲವಕ್ಕೆ 41ರ ತನಕ ಹೇಳಿರುತ್ತಾರೆ. ಅಂತರ ಇಷ್ಟು ದೊಡ್ಡದಿರುವುದರಿಂದ ಪಂಪ್ ಹುಡುಗನ ಅಂದಾಜಿಗೆ ಬಿಡಬೇಡಿ. ಚೈನ್ ಕವರ್ ಅಥವಾ ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿದ ತೋಳು) ಮೇಲಿನ ಸ್ಟಿಕ್ಕರ್ ಓದಿ, ಟೈರ್ ತಣ್ಣಗಿದ್ದಾಗ ಹಾಕಿಸಿ. ಗಾಳಿ ಕಡಿಮೆಯಿದ್ದರೆ ಟೈರಿನ ಪಕ್ಕೆ ಮಡಿಚಿ ಮಡಿಚಿ ಬಿಸಿಯಾಗುತ್ತದೆ. ತಗ್ಗಿಗೆ ಬಿದ್ದಾಗ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ, ಹಾವು ಕಚ್ಚಿದಂತೆ ಎರಡು ತೂತು ಬೀಳುತ್ತವೆ.

ಹಿಂದಿನ ಶಾಕ್. ಐದು ಹಂತದ ಪ್ರಿಲೋಡ್ (ಸ್ಪ್ರಿಂಗ್ ಬಿಗಿ ಹೊಂದಿಸುವ ವ್ಯವಸ್ಥೆ) ಇದ್ದರೆ ನಾಲ್ಕಕ್ಕೆ ಏರಿಸಿ, ಎಡ ಬಲ ಎರಡೂ ಒಂದೇ ಹಂತದಲ್ಲಿರಲಿ. ಏರಿಸದಿದ್ದರೆ ಹಿಂಭಾಗ ಕುಸಿದು ಮುಂದಿನ ಚಕ್ರ ಹಗುರಾಗುತ್ತದೆ, ತಿರುವಿನಲ್ಲಿ ಹ್ಯಾಂಡಲ್ ತೇಲಿದಂತಾಗುತ್ತದೆ, ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಲೈಟ್ ನೋಡುವ ಕ್ರಮ ಸುಲಭ. ಗೋಡೆಯಿಂದ 5 ಮೀಟರ್ ದೂರದಲ್ಲಿ ಇಬ್ಬರೂ ಗಾಡಿ ಮೇಲೆ ಕೂತು, ಡಿಮ್ ಬೆಳಕಿನ ಮೇಲಂಚು ಲೈಟಿನ ಎತ್ತರಕ್ಕಿಂತ ಅರ್ಧ ಗೇಣು ಕೆಳಗೆ ಬೀಳುವಂತೆ ಸ್ಕ್ರೂ ತಿರುಗಿಸಿ.

ಚೈನ್. ಕೆಳಗಿನ ಎಳೆಯ ನಡುವೆ ಬೆರಳಿಟ್ಟು ಮೇಲೆ ಕೆಳಗೆ ಆಡಿಸಿದರೆ 20ರಿಂದ 30 ಮಿಲಿಮೀಟರ್ ಆಟ ಇರಬೇಕು. ಚಕ್ರ ತಿರುಗಿಸಿ ನಾಲ್ಕು ಕಡೆ ನೋಡಿ, ಅತಿ ಬಿಗಿ ಇರುವ ಕಡೆಯದೇ ಲೆಕ್ಕ. ಬಿಗಿ ಮಾಡಿದ ಚೈನ್ ಒಳ್ಳೆಯದು ಎಂಬ ನಂಬಿಕೆ ನಮ್ಮ ಕಡೆ ಬಹಳ. ಇಬ್ಬರು ಕೂತಾಗ ಸ್ವಿಂಗ್ ಆರ್ಮ್ ಮೇಲೇರಿ ಚೈನ್ ಇನ್ನೂ ಬಿಗಿಯುತ್ತದೆ. ಆಟ ಉಳಿಯದಿದ್ದರೆ ಸ್ಪ್ರಾಕೆಟ್ ಹಲ್ಲು, ಗೇರ್‌ಬಾಕ್ಸ್ ಬೇರಿಂಗ್ ಎರಡನ್ನೂ ತಿನ್ನುತ್ತದೆ. ಹೊಂದಿಸಿದ ಮೇಲೆ ಇಬ್ಬರೂ ಕೂತು, ಮೂರನೆಯವರಿಂದ ಇನ್ನೊಮ್ಮೆ ನೋಡಿಸಿ. 90 ನಂಬರ್ ಗೇರ್ ಆಯಿಲ್ ತೆಳ್ಳಗೆ ಸವರಿ, ಉಳಿದದ್ದನ್ನು ಬಟ್ಟೆಯಿಂದ ಒರೆಸಿ. ಎರೆ ಧೂಳು ಆಯಿಲ್ ಜೊತೆ ಸೇರಿದರೆ ಉಜ್ಜುಪೇಸ್ಟೇ ಸರಿ.

ಚೀಲದಲ್ಲಿ ಇರಬೇಕಾದದ್ದು: ಗಾಡಿಯ ಮೂಲ ಟೂಲ್‌ಕಿಟ್, 10–12 ಮತ್ತು 14ರ ಸ್ಪ್ಯಾನರ್, ಸ್ಪಾರ್ಕ್ ಪ್ಲಗ್ ಒಂದು, ಎರಡು ಫ್ಯೂಸ್, ಕ್ಲಚ್ ಕೇಬಲ್, ತುಂಡಾದ ಚೈನ್ ಜೋಡಿಸುವ ಚೈನ್ ಲಾಕ್, ಪಂಚರ್ ಕಿಟ್, ಕಾಲು ಅಥವಾ ಬ್ಯಾಟರಿ ಪಂಪ್, ಮೊಳ ಉದ್ದದ ಬೈಂಡಿಂಗ್ ತಂತಿ, ಒಂದು ಹಳೇ ಸ್ಕ್ರೂಡ್ರೈವರ್. ಆ ಸ್ಕ್ರೂಡ್ರೈವರ್ ಯಾಕೆ ಅನ್ನುವುದು ಎರೆ ಮಣ್ಣಿನ ಮಾತು ಬಂದಾಗ ತಿಳಿಯುತ್ತದೆ.

ಹಿಂದೆ ಕೂರುವವರಿಗೆ

ಸೀರೆ ಉಟ್ಟು ಒಂದೇ ಕಡೆ ಕಾಲು ಹಾಕಿ ಕೂರುವುದು ಪೇಟೆಗೆ ಹೋಗಿ ಬರಲು ಸರಿ, 140 ಕಿಲೋಮೀಟರ್ ದಿನಕ್ಕೆ ಸರಿಯಲ್ಲ. ಭಾರ ಒಂದು ಬದಿಗೆ ವಾಲುತ್ತದೆ, ಬ್ರೇಕ್ ಹಾಕಿದಾಗ ಹಿಡಿತ ಸಿಗುವುದಿಲ್ಲ. ಚೂಡಿದಾರವಾದರೆ ದುಪಟ್ಟಾ ಚೀಲದೊಳಗೆ. ಹಿಂದಿನ ಚಕ್ರದ ಕಡ್ಡಿಗೆ ಸಿಕ್ಕ ದುಪಟ್ಟಾ ಅರೆಕ್ಷಣದಲ್ಲಿ ಕುತ್ತಿಗೆ ಎಳೆಯುತ್ತದೆ. ಹೆಲ್ಮೆಟ್ ಇಬ್ಬರಿಗೂ, ಐಎಸ್‌ಐ ಗುರುತಿನದು, ಪಟ್ಟಿ ಬಿಗಿದು.

ಬೂಟು ಆರಿಸುವಾಗ ಒಂದು ಮಾತು ನೆನಪಿರಲಿ. ಈ ಸುತ್ತಿನಲ್ಲಿ ದಿನಕ್ಕೆ ನಾಲ್ಕೈದು ಸಲ ಗುಡಿಯ ಬಾಗಿಲಲ್ಲಿ ಬಿಚ್ಚಬೇಕು. ಲೇಸ್ ಬೂಟಾದರೆ ಮೂರನೆಯ ಗುಡಿಗೆ 'ಹೊರಗಿಂದಲೇ ಕೈ ಮುಗಿಯೋಣ' ಅನ್ನಿಸುತ್ತದೆ. ಪಕ್ಕಕ್ಕೆ ಜಿಪ್ ಇರುವ, ಕೀಲು ಮುಚ್ಚುವ ಬೂಟು ಉತ್ತಮ. ದಪ್ಪ ಕಾಲುಚೀಲ ಇದ್ದರೆ ಮಧ್ಯಾಹ್ನದ ಕಾದ ಕಲ್ಲಿನ ಮೇಲೂ ನಡೆಯಬಹುದು.

ಮಾತಿಗೆ ಬದಲು ತಟ್ಟುವ ಸಂಜ್ಞೆ ಇಟ್ಟುಕೊಳ್ಳಿ: ಭುಜಕ್ಕೆ ಒಂದು ಸಲ ತಟ್ಟಿದರೆ ನಿಧಾನ, ಎರಡು ಸಲ ಅಂದರೆ ಸಿಕ್ಕ ಕಡೆ ನಿಲ್ಲಿಸು, ಕಾರಣ ಆಮೇಲೆ. ಎರಡು ಸಲ ತಟ್ಟಿದ್ದಕ್ಕೆ 'ಇನ್ನೈದು ನಿಮಿಷ' ಅಂದರೆ ಆ ಸಂಜ್ಞೆ ಅಂದಿಗೇ ಸತ್ತಿತು. ಇಬ್ಬರಿಗೂ ಲೈಸೆನ್ಸ್ ಇದ್ದರೆ ಪ್ರತಿ 50 ಕಿಲೋಮೀಟರಿಗೆ ಜಾಗ ಬದಲಿಸಿ. ಹಿಂದಿನ ಸೀಟು ಹೇಗಿದೆ ಅನ್ನುವುದು ಅಲ್ಲಿ ಕೂತವರಿಗಷ್ಟೇ ಗೊತ್ತಾಗುತ್ತದೆ.

ಹಿಂದಿನ ಸಂಜೆ

ಪೂರ್ತಿ ಹೊರೆ ಕಟ್ಟಿ ಊರೊಳಗೆ ಹತ್ತು ಕಿಲೋಮೀಟರ್ ಸುತ್ತಿ. ಧಾರವಾಡದವರಿಗೆ ಹುಬ್ಬಳ್ಳಿಗೆ ಬರುವ 20 ಕಿಲೋಮೀಟರೇ ಈ ತಾಲೀಮು. ಲೈನ್ ಬಜಾರಿನಲ್ಲಿ ಕಾಲು ಕೆಜಿ ಪೇಢೆ ಕಟ್ಟಿಸಿಕೊಂಡರೆ ದಾರಿಖರ್ಚಿಗೂ ಆಯಿತು. ಕೊನೆಗೆ ಹುಬ್ಬಳ್ಳಿ ರೈಲು ನಿಲ್ದಾಣಕ್ಕೆ ಹೋಗಿ. ಅಲ್ಲಿನ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ, ಜಗತ್ತಿನಲ್ಲೇ ಅತಿ ಉದ್ದದ್ದು, 2023ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು. ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆದುಕೊಂಡು ಈ ತುದಿಯಿಂದ ಆ ತುದಿಗೆ ನಡೆದರೆ ಇಪ್ಪತ್ತು ನಿಮಿಷ. ರೈಲು ಹಿಡಿಯುವ ಅವಸರವಿಲ್ಲದೆ ಅಲ್ಲಿ ನಡೆಯುವವರು ಕಡಿಮೆ. ತಿರುಗಿ ಬಂದು ಚೀಲದ ಪಟ್ಟಿ ನೋಡಿ. ಹೊಸ ಪಟ್ಟಿಗಳು ಮೊದಲ ಹತ್ತು ಕಿಲೋಮೀಟರಿನಲ್ಲೇ ಸಡಿಲಾಗುತ್ತವೆ, ಈಗ ಬಿಗಿದರೆ ನಿಲ್ಲುತ್ತವೆ.

ಮೊದಲ ದಿನ

ಬೆಳಿಗ್ಗೆ 6ಕ್ಕೆ ಹೊರಡಬೇಕು, 7ಕ್ಕಲ್ಲ. ಗದಗ ರಸ್ತೆ ಪೂರ್ವಕ್ಕೆ ಹೋಗುತ್ತದೆ. ಡಿಸೆಂಬರಿನಲ್ಲಿ ಹೊತ್ತು ಹುಟ್ಟುವುದು 7ರ ಹತ್ತಿರ, ಅಲ್ಲಿಂದ ಎಂಟೂವರೆ ತನಕ ಸೂರ್ಯ ನೇರ ಹೆಲ್ಮೆಟ್ ಗಾಜಿನಲ್ಲಿ. ಗೀರು ಬಿದ್ದ ಗಾಜಾದರೆ ಮುಂದಿನ ಟ್ರ್ಯಾಕ್ಟರ್ ಕಾಣುವುದೇ ಇಲ್ಲ. 6ಕ್ಕೆ ಬಿಟ್ಟರೆ ಸುಮಾರು 35 ಕಿಲೋಮೀಟರ್ ದಾಟಿ 7ಕ್ಕೆ ಅಣ್ಣಿಗೇರಿಯಲ್ಲಿ ಇರುತ್ತೀರಿ. ಕಣ್ಣಿಗೆ ಬಿಸಿಲು ಹೊಡೆಯುವ ಆ ಒಂದೂವರೆ ತಾಸು ಅಮೃತೇಶ್ವರ ಗುಡಿಯಲ್ಲಿ ಕಳೆಯುತ್ತದೆ. ಹನ್ನೊಂದನೆಯ ಶತಮಾನದ ಕಲ್ಯಾಣ ಚಾಲುಕ್ಯರ ಗುಡಿ, ಸಾಲು ಸಾಲು ಕಂಬ. ಎಳೆ ಬಿಸಿಲು ಕಂಬದ ಹೊಳಪಿನ ಮೇಲೆ ಬೀಳುವ ಹೊತ್ತೂ ಅದೇ. ಪಂಪ ಹುಟ್ಟಿದ ಊರು ಎಂದು ಹೆಸರಾದ ಊರಿದು. ಬಸ್‌ಸ್ಟ್ಯಾಂಡ್ ಕಡೆ ಚಾ ಕುಡಿದು 8:30ಕ್ಕೆ ಗಾಡಿ ಎತ್ತಿ.

ಹೆದ್ದಾರಿ 67 ಚತುಷ್ಪಥ. ಅಗಲ ರಸ್ತೆ ಸಿಕ್ಕಿತೆಂದು 80ಕ್ಕೆ ಏರಿಸಬೇಡಿ, 55–60 ಸಾಕು. ಹಿಂದೆ ಆಳು ಕೂತಾಗ ನಿಲ್ಲಲು ಬೇಕಾದ ದೂರ ಹೆಚ್ಚುತ್ತದೆ. ಒಂಟಿಯಾಗಿ ಓಡಿಸಿ ಪಳಗಿದ ಕೈ ಅದನ್ನು ಒಪ್ಪಿಕೊಳ್ಳುವುದು ತಡವಾಗಿ. ಎದುರು ದಿಕ್ಕಿನಿಂದ ಅದೇ ಪಥದಲ್ಲಿ ಬರುವ ಟ್ರ್ಯಾಕ್ಟರ್, ಎಮ್ಮೆ, ಕುರಿ ಹಿಂಡು ಮೂರೂ ಇಲ್ಲಿ ಮಾಮೂಲು. ಹಿಂಡು ಕಂಡರೆ ಹಾರ್ನ್ ಹೊಡೆಯದೆ ಎಂಜಿನ್ ಸದ್ದು ತಗ್ಗಿಸಿ, ಕುರುಬರು ಕೈ ಮಾಡಿದ ಕಡೆಯಿಂದ ಹೋಗಿ. ಹಾರ್ನ್ ಹೊಡೆದರೆ ಕುರಿಗಳು ರಸ್ತೆಯ ನಡುವಿಗೇ ಓಡುತ್ತವೆ.

ಗದಗದಲ್ಲಿ ತ್ರಿಕೂಟೇಶ್ವರ, ವೀರನಾರಾಯಣ ಎರಡೂ ಊರೊಳಗೇ ಇವೆ. ವೀರನಾರಾಯಣ ಗುಡಿಯಲ್ಲಿ ಕುಮಾರವ್ಯಾಸ ಕೂತು ಭಾರತ ಬರೆದ ಕಂಬ ಎಂದು ಜನ ತೋರಿಸುವ ಕಂಬವಿದೆ. ತೇವದ ಬಟ್ಟೆ ಒಣಗುವ ತನಕ ಮಾತ್ರ ಪದ್ಯ ಹರಿಯುತ್ತಿತ್ತು ಅನ್ನುವುದು ಐತಿಹ್ಯ. ಹೊರಡುವ ಮುಂಚೆ ಲಾಡ್ಜಿನಲ್ಲಿ ಚೀಲ ಇಳಿಸಿ, ಅಲ್ಲಿಂದ ಮುಂದಿನ 60 ಕಿಲೋಮೀಟರ್ ಹಗುರ ಗಾಡಿ. ಇಬ್ಬರ ಗುರುತಿನ ಚೀಟಿಯೂ ಬೇಕು, ಒಬ್ಬರದು ಸಾಲದು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಬುತ್ತಿ ಕಟ್ಟಿಸಿಕೊಳ್ಳಿ. ಖಾನಾವಳಿಯಲ್ಲೇ ಕೂತು ನಾಲ್ಕು ರೊಟ್ಟಿ ಮೊಸರು ಹೊಡೆದು ಬಿಸಿಲಿಗೆ ಬಿದ್ದರೆ ಹಿಂದಿನವರ ಹೆಲ್ಮೆಟ್ ನಿಮ್ಮ ಹೆಲ್ಮೆಟ್ಟಿಗೆ ಟಕ್ ಟಕ್ ಬಡಿಯತೊಡಗುತ್ತದೆ. ಅದು ತೂಕಡಿಕೆಯ ಗುರುತು, ತಕ್ಷಣ ನಿಲ್ಲಿಸಿ.

ಲಕ್ಕುಂಡಿ 12 ಕಿಲೋಮೀಟರ್. ಸುಡು ಮಧ್ಯಾಹ್ನ ಇಲ್ಲೇ ಕಳೆಯಬೇಕು, 11:30ರಿಂದ 3:30. ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯದೊಳಗೆ ನಾಲ್ಕು ಮುಖದ ಬ್ರಹ್ಮನ ಮೂರ್ತಿ ಇದೆ. ಬಸದಿಯಲ್ಲಿ ಬ್ರಹ್ಮ ಏನು ಮಾಡುತ್ತಿದ್ದಾನೆ ಎಂದು ಹುಬ್ಬೇರಿಸದವರಿಲ್ಲ. ಕಾಶಿ ವಿಶ್ವನಾಥ ಗುಡಿಯಲ್ಲಿ ಶಿವನಿಗೂ ಸೂರ್ಯನಿಗೂ ಎದುರುಬದುರು ಗರ್ಭಗುಡಿ. ಆದರೆ ತಾಸುಗಟ್ಟಲೆ ಕೂರಬಹುದಾದದ್ದು ಮಾಣಿಕೇಶ್ವರ ಗುಡಿಯ ಪಕ್ಕದ ಮುಸುಕಿನ ಬಾವಿ. ಮೆಟ್ಟಿಲ ಗೋಡೆಯಲ್ಲಿ ಪುಟ್ಟ ಪುಟ್ಟ ಗೂಡುಗಳು, ಕೆಳಗಿಳಿದಂತೆ ಗಾಳಿ ತಣ್ಣಗಾಗುತ್ತದೆ. ಮೇಲಿನ ಕಲ್ಲು ಕಾದು ಕೂರಲು ಬಾರದಿದ್ದರೂ ಕೆಳಗಿನ ಮೆಟ್ಟಿಲು ಹಿತವಾಗಿರುತ್ತದೆ. ಪಾಚಿ ಹಿಡಿದ ಮೆಟ್ಟಿಲಿಗೆ ಇಳಿಯಬೇಡಿ, ಬುತ್ತಿ ಬಾವಿಯೊಳಗೆ ಬಿಚ್ಚಬೇಡಿ.

ಡಂಬಳದ ದೊಡ್ಡಬಸಪ್ಪ ಗುಡಿ ದಿನದ ಕೊನೆ. ಇದರ ತಳವಿನ್ಯಾಸ ನಕ್ಷತ್ರದ್ದು, ಗೋಡೆ ಮೂಲೆ ಮೂಲೆಯಾಗಿ ಮುರಿಯುತ್ತಾ ಹೋಗಿ ದೂರದಿಂದ ದುಂಡಗೇ ಕಾಣುತ್ತದೆ. ಒಬ್ಬರು ಎಡದಿಂದ, ಒಬ್ಬರು ಬಲದಿಂದ ಮೂಲೆ ಎಣಿಸುತ್ತಾ ಹೊರಡಿ. ಲೆಕ್ಕ ಸೇರುವುದು ಅಪರೂಪ. 5ಕ್ಕೆ ಬಿಟ್ಟರೆ ಬೆಳಕಿರುವಾಗಲೇ ಗದಗ, ಬಿಸಿ ಮಿರ್ಚಿ, ಗಿರ್ಮಿಟ್.

ದಾರಿ ಕೈ ಕೊಡುವ ಬಗೆಗಳು

ರಸ್ತೆ ಮೇಲಿನ ರಾಶಿ. ಜೋಳ, ಕಡಲೆ, ಸೂರ್ಯಕಾಂತಿ ಸುಗ್ಗಿಯಲ್ಲಿ ಒಳರಸ್ತೆಯೇ ಕಣ. ಕಾಳಿನ ಮೇಲೆ ಟೈರ್ ಹೋದರೆ ಗುಂಡು ಬೇರಿಂಗಿನ ಮೇಲೆ ಹೋದ ಹಾಗೆ. ಅದರ ಮೇಲೆ ಬ್ರೇಕ್ ಇಲ್ಲ, ವಾಲುವುದಿಲ್ಲ, ಗಾಡಿ ನೆಟ್ಟಗೆ, ಎರಡನೆಯ ಗೇರ್. ಇದಕ್ಕಿಂತ ಕೆಟ್ಟದ್ದು ರಾಶಿ ಕಾಯಲು ಸುತ್ತ ಇಟ್ಟ ಕಲ್ಲುಗಳು. ಸಂಜೆ ಕಾಳು ಮನೆಗೆ ಹೋಗುತ್ತದೆ, ಒಂದೆರಡು ಕಲ್ಲು ರಸ್ತೆಯಲ್ಲೇ ಉಳಿಯುತ್ತವೆ. ಕತ್ತಲಾದ ಮೇಲೆ ಒಳರಸ್ತೆ ಬೇಡ ಅನ್ನುವುದು ಇದಕ್ಕೇ.

ಜಾಲಿ ಮುಳ್ಳು. ರಸ್ತೆ ಬಿಟ್ಟು ಪಕ್ಕಕ್ಕೆ ಇಳಿಸಿದರೆ ಬಳ್ಳಾರಿ ಜಾಲಿ ಕಾದಿರುತ್ತದೆ. ಟೈರಿನಲ್ಲಿ ಮುಳ್ಳು ಕಂಡರೂ ಗಾಳಿ ಇಳಿಯದಿದ್ದರೆ ಕೀಳಬೇಡಿ, ಅದೇ ಬಿರಡೆ. ಹಿಂದಿನವರನ್ನು ಇಳಿಸಿ ನಿಧಾನಕ್ಕೆ ಪಂಚರ್ ಅಂಗಡಿ ತಲುಪಿ. ಟ್ಯೂಬ್‌ಲೆಸ್ ಆಗಿದ್ದರೆ ಅಲ್ಲೇ ಮುಗಿಸಬಹುದು. ಸೋಪು ನೀರು ಬಿಟ್ಟು ಗುಳ್ಳೆ ಬರುವ ಜಾಗ ಗುರುತಿಸಿ, ಮುಳ್ಳು ಕಿತ್ತ ಕೋನದಲ್ಲೇ ರೀಮರ್ (ಕಿಟ್ಟಿನಲ್ಲಿರುವ, ತೂತು ಉಜ್ಜುವ ಒರಟು ಮೊಳೆ) ನಾಲ್ಕೈದು ಸಲ ಆಡಿಸಿ. ಇಲ್ಲಿ ಮೈಗಳ್ಳತನ ಮಾಡಿದರೆ ತೂತು ಮುಚ್ಚುವ ರಬ್ಬರ್ ಪಟ್ಟಿ ಒಳಗೆ ಹೋಗುವುದಿಲ್ಲ, ಸೂಜಿ ಮುರಿಯುತ್ತದೆ. ಸೂಜಿ ಕಣ್ಣಿನಲ್ಲಿ ಪಟ್ಟಿಯನ್ನು ಅರ್ಧಕ್ಕೆ ಪೋಣಿಸಿ, ಅಂಟು ಸವರಿ, ಎರಡು ತುದಿ ಒಂದು ಸೆಂಟಿಮೀಟರ್ ಹೊರಗುಳಿಯುವಂತೆ ಒತ್ತಿ, ಒಂದೇ ಜಗ್ಗಿಗೆ ಸೂಜಿ ಎಳೆಯಿರಿ. ಗಾಳಿ ತುಂಬಿ ಮತ್ತೆ ಸೋಪು ನೀರು. ತುದಿಯನ್ನು ಟೈರಿನ ಮಟ್ಟಕ್ಕೆ ತೀರಾ ಸವರಿ ಕತ್ತರಿಸಬೇಡಿ.

ಎರೆ ಮಣ್ಣು. ಅಕಾಲದ ಒಂದು ಮಳೆ ಸಾಕು. ಮೊದಲ ಹನಿಗೆ ಅದು ಸಾಬೂನು, ಕಾಲು ತಾಸಿಗೆ ಅಂಟು. ಟೈರಿಗೆ ಹತ್ತಿದ ಪದರ ಪ್ರತಿ ಸುತ್ತಿಗೂ ದಪ್ಪವಾಗಿ, ಮುಂದಿನ ಮಡ್‌ಗಾರ್ಡಿನ ಅಡಿ ತುಂಬಿಕೊಂಡು ಚಕ್ರವನ್ನೇ ಹಿಡಿದು ನಿಲ್ಲಿಸುತ್ತದೆ. ಎಂಜಿನ್ ಜೋರು ಮಾಡಿದರೆ ಹಿಂದಿನ ಚಕ್ರ ತನ್ನ ಗುಂಡಿ ತಾನೇ ತೋಡುತ್ತದೆ, ಜೊತೆಗೆ ಕ್ಲಚ್ ಪ್ಲೇಟ್ ಸುಡುತ್ತದೆ. ಒಬ್ಬರು ಇಳಿದು ಹಿಂದಿನಿಂದ ತಳ್ಳದೆ ಪಕ್ಕದಿಂದ ಹಿಡಿಯಲಿ, ಇನ್ನೊಬ್ಬರು ಆ ಹಳೇ ಸ್ಕ್ರೂಡ್ರೈವರಿನಿಂದ ಮಡ್‌ಗಾರ್ಡಿನ ಮಣ್ಣು ಕೆದರಿ ತೆಗೆಯಲಿ. ಬದುವಿನ ಹುಲ್ಲಿನ ಮೇಲೆ ಗಾಡಿ ತನ್ನಿ, ಹುಲ್ಲಿನ ಬೇರು ಮಣ್ಣನ್ನು ಹಿಡಿದಿರುತ್ತದೆ. ಆಗದಿದ್ದರೆ ಕೂತುಬಿಡಿ, ಬಿಸಿಲು ಬಂದರೆ ಮಣ್ಣು ಬಿರಿದು ಚಕ್ಕೆ ಚಕ್ಕೆಯಾಗಿ ತಾನೇ ಉದುರುತ್ತದೆ. ಮಳೆಯಾದ ಎರಡು ದಿನ ಹೊಲದ ದಾರಿಗೆ ಹೋಗದಿದ್ದರೆ ಇದ್ಯಾವುದೂ ಬೇಕಿಲ್ಲ. ಟ್ರ್ಯಾಕ್ಟರ್ ಚಕ್ರ ಡಾಂಬರಿಗೆ ತಂದು ಹಾಕಿದ ಎರೆ ಹೆಂಟೆಗಳ ಮೇಲೆ ಮಾತ್ರ ಆಗಲೂ ಎಚ್ಚರ ಬೇಕು.

ಕ್ಲಚ್ ಕೇಬಲ್ ತುಂಡಾದರೆ ಬೇರೆ ಕೇಬಲ್ ಹಾಕಲು ಅರ್ಧ ತಾಸು. ಹೊಸದನ್ನು ಹಳೆಯದರ ಪಕ್ಕದಲ್ಲೇ ಮೊದಲೇ ಎಳೆದು ಟೇಪ್ ಸುತ್ತಿಟ್ಟಿದ್ದರೆ ಹತ್ತು ನಿಮಿಷ.

ಎರಡನೆಯ ದಿನ

ಗದಗದಲ್ಲೇ ಟ್ಯಾಂಕ್ ತುಂಬಿಸಿ 8ಕ್ಕೆ ಹೊರಡಿ. ಮಾಗಡಿ ಕೆರೆ ಸುಮಾರು 26 ಕಿಲೋಮೀಟರ್. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲ ಕಳೆಯುವ ಕೆರೆ ಇದು, 2024ರಲ್ಲಿ ಜಗತ್ತಿನ ಮುಖ್ಯ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಬಿಳಿ ತಲೆಯ ಹಿಂದೆ ಎರಡು ಕಪ್ಪು ಗೆರೆ ಕಂಡರೆ ಅವೇ. ಮೇಯಲು ಸುತ್ತಲ ಹೊಲಗಳಿಗೆ ಹೋಗುತ್ತವೆ, ಹಗಲು ಕೆರೆಯಲ್ಲಿ ವಿಶ್ರಾಂತಿ. ಗಾಡಿಯನ್ನು ಕೆರೆಯ ಏರಿ ಮೇಲೆ ತರದೆ ದೂರದಲ್ಲೇ ಎಂಜಿನ್ ನಿಲ್ಲಿಸಿ ನಡೆದು ಹೋಗಿ. ಸೈಲೆನ್ಸರ್ ಬದಲಿಸಿದ ಗಾಡಿ ತಂದವರು ಇನ್ನೂ ದೂರದಲ್ಲಿ.

ಲಕ್ಷ್ಮೇಶ್ವರಕ್ಕೆ 12ರೊಳಗೆ ತಲುಪಿ, ಮಧ್ಯಾಹ್ನ ಗರ್ಭಗುಡಿ ಬಾಗಿಲು ಹಾಕಿರಬಹುದು. ಜೋಡಿ ಸವಾರರು ತಪ್ಪಿಸಲೇಬಾರದ ನಿಲುಗಡೆ ಇದ್ದರೆ ಇದೇ. ಸೋಮೇಶ್ವರ ಗುಡಿಯಲ್ಲಿ ಪೂಜೆಗೊಳ್ಳುವುದು ಲಿಂಗವಲ್ಲ, ನಂದಿಯ ಮೇಲೆ ಒಟ್ಟಿಗೆ ಕೂತ ಶಿವ ಪಾರ್ವತಿ. ಒಂದೇ ವಾಹನ, ಇಬ್ಬರ ಸವಾರಿ. ಪಂಪ ಹೊಗಳಿದ ಪುಲಿಗೆರೆಯ ತಿರುಳ್ಗನ್ನಡದ, ಅಂದರೆ ಅಪ್ಪಟ ಕನ್ನಡದ, ಊರೂ ಇದೇ; ಪುಲಿಗೆರೆ ಲಕ್ಷ್ಮೇಶ್ವರದ ಹಳೆಯ ಹೆಸರು. ಊಟ ಇಲ್ಲಿ ಮುಗಿಸಿ, ಪೌಣೆರಡಕ್ಕೆ ಬಿಡಿ.

ಸವಣೂರಿನಲ್ಲಿ ದೊಡ್ಡಹುಣಸೆ ಕಲ್ಮಠ ಕೇಳಿ. ಹುಣಸೆ ಎಂಬ ಹೆಸರಷ್ಟೇ. ಮರಗಳು ಆಫ್ರಿಕಾ ಮೂಲದ ಬಾವೋಬಾಬ್, ಆನೆ ಕಾಲಿನ ಚರ್ಮದಂಥ ತೊಗಟೆ. ಚಳಿಗಾಲದ ಕೊನೆಗೆ ಎಲೆ ಉದುರಿದಾಗ ಬೇರು ಮೇಲಾಗಿ ನೆಟ್ಟಂತೆ ಕಾಣುತ್ತವೆ. ಇಬ್ಬರೂ ಕೈ ಚಾಚಿ ತಬ್ಬಿದರೂ ಸುತ್ತಳತೆಯ ಒಂದು ಪಾಲಷ್ಟೇ ಸಿಗುತ್ತದೆ. ಹೆಸರು ಕೆತ್ತುವ ಚಟ ಇದ್ದವರು ಚಾಕು ಗದಗದಲ್ಲೇ ಬಿಟ್ಟು ಬನ್ನಿ. ಸವಣೂರು ಖಾರಾ ಒಂದು ಪೊಟ್ಟಣ, ವೀಳ್ಯದೆಲೆ ತಿನ್ನುವವರಿಗೆ ಒಂದು ಕಟ್ಟು ಎಲೆ.

ಬಂಕಾಪುರ ಕೋಟೆಗೆ ನಾಲ್ಕರ ಹೊತ್ತಿಗೆ ಹೋಗಬೇಕು. ಒಳಗೆ ನವಿಲುಧಾಮವಿದೆ. ಬಿಸಿಲಿಳಿದ ಮೇಲೆ ನವಿಲು ಪೊದೆ ಬಿಟ್ಟು ಹೊರಬರುತ್ತವೆ, ಎರಡಕ್ಕೆ ಹೋದರೆ ಕೂಗು ಮಾತ್ರ. ಅದೇ ಆವರಣದ ನಗರೇಶ್ವರ ಗುಡಿಯನ್ನು ಜನ ಕರೆಯುವುದು ಅರವತ್ತು ಕಂಬದ ಗುಡಿ ಎಂದು.

ಇನ್ನೊಂದು ದಿನ ಇದ್ದರೆ ಇಲ್ಲಿಂದ ದಕ್ಷಿಣಕ್ಕೆ ಹಾವೇರಿಯ ಏಲಕ್ಕಿ ಹಾರ, ಬ್ಯಾಡಗಿಯ ಮೆಣಸಿನಕಾಯಿ. ಅದರಲ್ಲಿ ಎರಡು ಬಗೆ: ಡಬ್ಬಿ ಗಿಡ್ಡ, ಗುಂಡಗೆ. ಕಡ್ಡಿ ತೆಳ್ಳಗೆ, ಉದ್ದ. ಎರಡರಲ್ಲೂ ಬಣ್ಣ ಹೆಚ್ಚು, ಖಾರ ಕಡಿಮೆ. ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಬಟ್ಟೆ ತುಂಬಿದ ಚೀಲದೊಳಗೆ ಹಾಕಬೇಡಿ. ಮೆಣಸಿನ ಘಾಟು ಹತ್ತಿದ ಕರ್ಚೀಫಿನಿಂದ ಹೆಲ್ಮೆಟ್ಟಿನೊಳಗೆ ಮುಖ ಒರೆಸಿಕೊಂಡರೆ ಗಾಡಿ ನಿಲ್ಲಿಸಲೇಬೇಕು.

ಬಂಕಾಪುರದಿಂದ ಹುಬ್ಬಳ್ಳಿಗೆ 55 ಕಿಲೋಮೀಟರ್ ಸುಮಾರು. 5ಕ್ಕೆ ಹೆದ್ದಾರಿ ಹಿಡಿದರೆ ಸೂರ್ಯ ಎಡಗಡೆ, ಕಣ್ಣಿಗಿಲ್ಲ. ಈ ಸುತ್ತನ್ನು ತಿರುವಿ ಹಾಕಿದರೆ ಗದಗದಿಂದ ಸಂಜೆ ಪಶ್ಚಿಮಕ್ಕೆ, ನೇರ ಸೂರ್ಯನಿಗೇ ಮುಖ ಮಾಡಿ ಬರಬೇಕಾಗುತ್ತದೆ. ಲಾರಿಗಳ ಹಿಂದೆ ಅಂಟಿಕೊಳ್ಳದೆ, ಅದರ ಕನ್ನಡಿ ನಿಮಗೆ ಕಾಣುವಷ್ಟು ಅಂತರ ಇಟ್ಟುಕೊಳ್ಳಿ.

ಮನೆ ಮುಟ್ಟಿದ ಮರುದಿನ ಮಡ್‌ಗಾರ್ಡಿನ ಒಳಗೆ, ಚೈನ್ ಕವರಿನ ಹಿಂದೆ ನೀರು ಬಿಟ್ಟು ತೊಳೆದು, ಚೈನ್ ಒಣಗಿದ ಮೇಲೆ ಆಯಿಲ್ ಸವರಿ. ಪ್ರಿಲೋಡನ್ನು ಮೊದಲಿನ ಹಂತಕ್ಕೆ ಇಳಿಸಿ, ಹಿಂದಿನ ಟೈರಿನ ಗಾಳಿಯನ್ನು ಒಬ್ಬರ ಲೆಕ್ಕಕ್ಕೆ ತನ್ನಿ, ಹೆಡ್‌ಲೈಟ್ ಸ್ಕ್ರೂ ಹಿಂದಕ್ಕೆ ತಿರುಗಿಸಿ. ಮರೆತರೆ ಸೋಮವಾರ ಆಫೀಸಿಗೆ ಹೋಗುವಾಗ ಪ್ರತಿ ತಗ್ಗೂ ನೇರ ಸೊಂಟಕ್ಕೆ ಬಡಿಯುತ್ತದೆ.